ವಿರಾಜಪೇಟೆಯಿಂದ ತಲಶ್ಶೇರಿ, ಕಣ್ಣೂರಿಗೆ: ಹಳೆಯ ಮನೆಗಳನ್ನು ನೋಡಿ ಅದೇ ದಿನ ಮರಳುವ ಕ್ರಮ

ಬೆಳಗ್ಗೆ ಹೊರಟು ರಾತ್ರಿಯ ಊಟಕ್ಕೆ ಮನೆ ಸೇರುವಂತೆ ಕಡಲತೀರದ ಒಂದು ಊರನ್ನು ನೋಡಿಬರಲು ಆಗುತ್ತದೆಯೇ, ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಹೇಗೆ, ಅಲ್ಲಿ ಕಡಲಲ್ಲದೆ ನೋಡಲು ಏನಿದೆ ಎಂದು ಕೊಡಗಿನ ಓದುಗರು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಆಗುತ್ತದೆ. ನಮ್ಮ ಹಿರಿಯರು ತಲಚೇರಿ, ಕಣ್ಣಾನೂರು ಎಂದು ಕರೆಯುತ್ತಿದ್ದ ತಲಶ್ಶೇರಿ ಮತ್ತು ಕಣ್ಣೂರು ನಮಗೆ ಅತಿ ಹತ್ತಿರದ ಕಡಲೂರುಗಳು. ವಿರಾಜಪೇಟೆಯಿಂದ ತಲಶ್ಶೇರಿಗೆ 80 ಕಿ.ಮೀ.ಗೆ ತುಸು ಕಡಿಮೆ, ಅಲ್ಲಿಂದ ಕಣ್ಣೂರಿಗೆ 20 ಕಿ.ಮೀ.ಗೆ ತುಸು ಹೆಚ್ಚು. ಆದರೆ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು. ಕಡಲು ಚೆಂದ ಕಾಣುವುದು ಸಂಜೆಯ ಹೊತ್ತಿಗೆ, ಆ ಹೊತ್ತಿಗೆ ನಾವು ಘಾಟಿಯ ಬುಡದಲ್ಲಿರಬೇಕು. ಆದ್ದರಿಂದ ಒಂದು ದಿನದ ಪ್ರವಾಸದಲ್ಲಿ ಕಡಲನ್ನು ದಾರಿಯ ನೋಟವೆಂದು ಇಟ್ಟುಕೊಂಡು, ಬಿಸಿಲಿನ ಹೊತ್ತಿನಲ್ಲೂ ನೋಡಬಹುದಾದ ಹಳೆಯ ಬಂಗಲೆ, ತರವಾಡು (ಕೇರಳದ ಮೂಲಮನೆ), ಅರಮನೆಗಳನ್ನು ಮುಖ್ಯ ಗುರಿಯಾಗಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಐನ್‌ಮನೆಯಲ್ಲಿ, ಅಂದರೆ ಕೊಡಗಿನ ಕುಟುಂಬದ ಮೂಲಮನೆಯಲ್ಲಿ, ಬೆಳೆದವರಿಗೆ ಈ ಮನೆಗಳು ಬೇರೆಯವರಿಗಿಂತ ಹೆಚ್ಚು ಅರ್ಥವಾಗುತ್ತವೆ.

ಈ ದಾರಿ ನಮಗೆ ಹೊಸದೂ ಅಲ್ಲ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಒಡೆಯರು ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿಯೊಡನೆ 1790ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡದ್ದು ತಲಶ್ಶೇರಿಯ ಕೋಠಿಯ ಮುಖ್ಯಸ್ಥ ರಾಬರ್ಟ್ ಟೇಲರ್‌ನ ಮೂಲಕ. (ಕೋಠಿ ಎಂದರೆ ಕಂಪನಿಯ ವ್ಯಾಪಾರ ಕೇಂದ್ರ.) ಅದೇ ವರ್ಷದ ಡಿಸೆಂಬರ್‌ನಲ್ಲಿ ಕಣ್ಣೂರನ್ನು ಗೆದ್ದ ಜನರಲ್ ಅಬರ್‌ಕ್ರಾಂಬಿ, ಆಮೇಲೆ ಕೊಡಗಿನ ಮೂಲಕವೇ ಶ್ರೀರಂಗಪಟ್ಟಣದ ಕಡೆಗೆ ಸೇನೆ ನಡೆಸಿದ, ಅವನೂ ಒಡೆಯರೂ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿದ ವೀರರಾಜೇಂದ್ರಪೇಟೆಯೇ ಇಂದಿನ ವಿರಾಜಪೇಟೆ. ಮುಂದಿನ ಶತಮಾನದಲ್ಲಿ ಕೊಡಗಿನ ಕಾಫಿ ಇದೇ ಪೆರುಂಬಾಡಿ ಘಾಟಿಯನ್ನು ಇಳಿದು ತಲಶ್ಶೇರಿ ಬಂದರಿಗೆ ಹೋಗುತ್ತಿತ್ತು.

ಹಂತ 1: ದಿನವನ್ನು ಆರಿಸಿಕೊಳ್ಳುವುದು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅತ್ಯುತ್ತಮ. ಮಾರ್ಚ್ ನಂತರ ಕರಾವಳಿಯ ಸೆಕೆಯನ್ನು ನಮ್ಮ ಕಡೆಯ ಮಕ್ಕಳೂ ಹಿರಿಯರೂ ತಾಳಿಕೊಳ್ಳುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸವನ್ನು ಇಟ್ಟುಕೊಳ್ಳಲೇಬೇಡಿ. 2018ರ ಮಳೆಗಾಲದಲ್ಲಿ ನಾವು ಇಳಿಯಬೇಕಾದ ಮಾಕುಟ್ಟ ಘಾಟಿಯ ರಸ್ತೆ ಹಲವೆಡೆ ಕುಸಿದು ಸಂಚಾರ ನಿಂತದ್ದು ನಿಮಗೆ ನೆನಪಿರಬಹುದು. ಮಳೆಗಾಲದಲ್ಲಿ ಕಡಲಿಗೂ ಇಳಿಯಲು ಬಿಡುವುದಿಲ್ಲ.

ವಾರದ ದಿನದ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಸೋಮವಾರ ಕಣ್ಣೂರಿನ ಅರಕ್ಕಲ್ ಅರಮನೆಯ ವಸ್ತುಸಂಗ್ರಹಾಲಯಕ್ಕೆ ರಜೆ, ಆದ್ದರಿಂದ ಅಂದು ಹೋದರೆ ಪ್ರವಾಸದ ಅರ್ಧ ಭಾಗ ಮುಚ್ಚಿದ ಬಾಗಿಲ ಮುಂದೆಯೇ ಮುಗಿಯುತ್ತದೆ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿನಲ್ಲಿ ಹಳೆಯ ಪೇಟೆಯ ಮಸೀದಿ ಬೀದಿಗಳಲ್ಲಿ ಜನಸಂದಣಿ ಇರುತ್ತದೆ, ಸುತ್ತಾಡಿ ನೋಡಲು ಅದು ತಕ್ಕ ಸಮಯವಲ್ಲ. ರಂಜಾನ್ ತಿಂಗಳಲ್ಲಿ ಹಳೆಯ ಹೋಟೆಲುಗಳು ಹಗಲು ಮುಚ್ಚಿರುವುದರಿಂದ, ಬಿರಿಯಾನಿಯ ಆಸೆ ಇಟ್ಟುಕೊಂಡವರು ಆ ತಿಂಗಳನ್ನು ಬಿಡುವುದು ಲೇಸು. ಭಾನುವಾರ ತಪ್ಪಲ್ಲ, ಆದರೆ ಕಡಲತೀರದಲ್ಲಿ ಕಾರುಗಳ ಸಾಲು ಉದ್ದವಿರುತ್ತದೆ. ಮಂಗಳವಾರದಿಂದ ಗುರುವಾರದವರೆಗಿನ ಮೂರು ದಿನಗಳಲ್ಲಿ ಒಂದನ್ನು ಆರಿಸಿ. ಹೊರಡುವ ಹಿಂದಿನ ರಾತ್ರಿ ಕೇರಳದಲ್ಲಿ ಮರುದಿನ ಹರತಾಳ ಇದೆಯೇ ಎಂದು ವಿಚಾರಿಸಿ. ಹರತಾಳವೆಂದರೆ ಅಲ್ಲಿ ಅಂಗಡಿ, ಬಸ್ಸು, ಹೋಟೆಲು ಎಲ್ಲವೂ ನಿಲ್ಲುತ್ತವೆ.

ಹಂತ 2: ಕಾಗದಪತ್ರ ಮತ್ತು ಚೀಲ

ಸ್ವಂತ ವಾಹನವಾದರೆ ಚಾಲನಾ ಪರವಾನಗಿ, ಆರ್.ಸಿ., ವಿಮೆ, ಹೊಗೆ ತಪಾಸಣಾ ಪತ್ರ ಇವಿಷ್ಟು ಚಾಲ್ತಿಯಲ್ಲಿರಬೇಕು. ಹಳದಿ ಫಲಕದ ಬಾಡಿಗೆ ವಾಹನವಾದರೆ ಹೊರರಾಜ್ಯಕ್ಕೆ ಹೋಗಲು ಬೇಕಾದ ಪರ್ಮಿಟ್ ಇದೆಯೇ, ಇಲ್ಲದಿದ್ದರೆ ಅದರ ಹಣ ಯಾರು ಕೊಡಬೇಕು ಎಂಬುದನ್ನು ಚಾಲಕರೊಡನೆ ಹಿಂದಿನ ದಿನವೇ ಮಾತಾಡಿಕೊಳ್ಳಿ. ಗಡಿಯಲ್ಲಿ ನಿಂತು ಈ ಚರ್ಚೆ ಆರಂಭಿಸಿದರೆ ಕಳೆಯುವ ಮುಕ್ಕಾಲು ಗಂಟೆಯನ್ನು ಆ ದಿನ ಮತ್ತೆ ಗಳಿಸಲು ಆಗುವುದಿಲ್ಲ.

ಚೀಲದಲ್ಲಿ ನೀರು, ಕೊಡೆ ಅಥವಾ ಟೊಪ್ಪಿ, ತೆಳು ಹತ್ತಿಯ ಬಟ್ಟೆ, ಮಕ್ಕಳಿಗೆ ಒಂದು ಜೊತೆ ಬದಲಿ ಉಡುಪು, ಬೇಗ ಕಳಚಬಹುದಾದ ಚಪ್ಪಲಿ ಸಾಕು. ಬೆಳಗ್ಗೆ ವಿರಾಜಪೇಟೆಯ ಚಳಿಗೆ ಹಾಕಿದ ಸ್ವೆಟರು ಇರಿಟ್ಟಿ ತಲುಪುವಷ್ಟರಲ್ಲಿ ಹೊರೆಯಾಗಿರುತ್ತದೆ. ಘಾಟಿಯ ತಿರುವುಗಳಲ್ಲಿ ತಲೆಸುತ್ತು ಬರುವವರಿಗೆ ಹೊರಡುವ ಅರ್ಧ ಗಂಟೆ ಮೊದಲು ಮಾತ್ರೆ ಕೊಡಿ, ಹೊಟ್ಟೆ ತುಂಬ ತಿನ್ನಿಸಬೇಡಿ.

ಹಂತ 3: ಮಾಕುಟ್ಟ ಘಾಟಿ ಇಳಿಯುವುದು

ವಿರಾಜಪೇಟೆಯಿಂದ ಬೆಳಗ್ಗೆ 6 ಗಂಟೆಗೆ ಹೊರಡಿ. ಮಡಿಕೇರಿಯವರು 5 ಗಂಟೆಗೆ ಮನೆ ಬಿಡಬೇಕು. ಗಾಡಿಗೆ ಎಣ್ಣೆ ಹಿಂದಿನ ಸಂಜೆಯೇ ತುಂಬಿಸಿಡಿ. ಪೆರುಂಬಾಡಿ ದಾಟಿದ ಮೇಲೆ ಕೂಟುಪುಳದವರೆಗೆ ಕಾಡಿನ ಇಳಿಜಾರು, ಅಲ್ಲಿ ಪೆಟ್ರೋಲ್ ಬಂಕು ಇಲ್ಲ, ಹೆಚ್ಚಿನ ಕಡೆ ಮೊಬೈಲ್ ಸಂಪರ್ಕವೂ ಸಿಗುವುದಿಲ್ಲ. ಆದ್ದರಿಂದ ನಕ್ಷೆಯನ್ನು ಮನೆಯಲ್ಲಿರುವಾಗಲೇ ಫೋನಿಗೆ ಇಳಿಸಿಕೊಂಡಿರಿ.

ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲೇ ಬನ್ನಿ. ಬ್ರೇಕನ್ನು ಒತ್ತಿಹಿಡಿದುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ಅದೇ ಎಚ್ಚರಿಕೆ. ಮಂಜು ಮುಸುಕಿದ ತಿರುವುಗಳಲ್ಲಿ ಹಾರ್ನ್ ಮಾಡುವುದಕ್ಕೆ ಸಂಕೋಚ ಬೇಡ. ಬ್ರಹ್ಮಗಿರಿಯ ಅಂಚಿನ ಈ ಕಾಡಿನಲ್ಲಿ ಆನೆಗಳ ಓಡಾಟ ಇರುವುದರಿಂದ ತೊರೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ತಿಂಡಿಯ ಡಬ್ಬಿ ಬಿಚ್ಚುವ ಆಸೆಯನ್ನೂ ಬಿಡಿ. ಕೂಟುಪುಳದ ಸೇತುವೆ ದಾಟಿದರೆ ಕೇರಳ. ಗಡಿಯ ಎರಡೂ ಬದಿಯ ತಪಾಸಣೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟು, ತೋರಿಸಬೇಕಾದ್ದನ್ನು ತೋರಿಸಿ ಮುಂದೆ ಸಾಗಿ.

ಹಂತ 4: ಇರಿಟ್ಟಿಯಿಂದ ತಲಶ್ಶೇರಿಗೆ

ಇರಿಟ್ಟಿಯಲ್ಲಿ ತಿಂಡಿ ಮುಗಿಸಿಕೊಳ್ಳಿ. ಪುಟ್ಟು-ಕಡಲೆ, ಅಪ್ಪ, ಬಿಸಿ ಪೊರೋಟ ಅಷ್ಟು ಹೊತ್ತಿಗೆ ತಯಾರಿರುತ್ತವೆ. ಮುಂದೆ ಬರುವ ಮಟ್ಟನ್ನೂರು ಈ ಪ್ರವಾಸದ ಕವಲು. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣ ಇಲ್ಲಿಯೇ ಇರುವುದರಿಂದ ಫಲಕಗಳು ಸಾಕಷ್ಟಿವೆ, ಗೊಂದಲವೂ ಅಷ್ಟೇ ಇದೆ. ಎಡಕ್ಕೆ ಕೂತುಪರಂಬದ ಮೇಲೆ ತಲಶ್ಶೇರಿ, ನೇರ ಪಶ್ಚಿಮಕ್ಕೆ ಚಾಲೋಡ್ ಮೂಲಕ ಕಣ್ಣೂರು. ಹೋಗುವಾಗ ತಲಶ್ಶೇರಿಯ ದಾರಿ ಹಿಡಿದು, ಬರುವಾಗ ಕಣ್ಣೂರಿನ ದಾರಿಯಲ್ಲಿ ಮರಳಬೇಕು; ಹೀಗೆ ತ್ರಿಕೋನದಂತೆ ಸುತ್ತಿದರೆ ನಡೆದ ದಾರಿಯಲ್ಲೇ ಮತ್ತೆ ನಡೆಯುವುದು ಕಡಿಮೆಯಾಗುತ್ತದೆ. 9 ಗಂಟೆಯ ಆಸುಪಾಸಿನಲ್ಲಿ ತಲಶ್ಶೇರಿಯಲ್ಲಿರುತ್ತೀರಿ.

ಹಂತ 5: ಕೋಟೆ ಮತ್ತು ಕಡಲ ಬದಿ

ಬಿಸಿಲೇರುವ ಮುನ್ನ ಬಯಲಿನ ಜಾಗಗಳನ್ನು ಮುಗಿಸಿ. ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಕಟ್ಟಿಸಿದ ಕೋಟೆ ಚಿಕ್ಕದು, ನೋಡಲು ಮುಕ್ಕಾಲು ಗಂಟೆ ಸಾಕು. ಅದರ ಗೋಡೆಯ ಕಲ್ಲನ್ನು ಮಾತ್ರ ಹತ್ತಿರದಿಂದ ಗಮನಿಸಿ. ಇದು ಜಂಬಿಟ್ಟಿಗೆ, ಅಂದರೆ ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ತೂತುತೂತಾದ ಕೆಂಪು ಕಲ್ಲು. ಮಂಗಳೂರಿನ ಕಡೆ ಇದನ್ನೇ ಮುರಕಲ್ಲು ಎನ್ನುತ್ತಾರೆ. ಇಂದು ನೀವು ನೋಡಲಿರುವ ಕೋಟೆಗಳೂ ಬಹುಪಾಲು ಹಳೆಯ ಮನೆಗಳೂ ಇದೇ ಕಲ್ಲಿನವು.

ಕೋಟೆಯ ಬಳಿಯ ಸೇಂಟ್ ಜಾನ್ಸ್ ಆಂಗ್ಲಿಕನ್ ಚರ್ಚಿನ ಆವರಣದಲ್ಲಿ ಎಡ್ವರ್ಡ್ ಬ್ರೆನ್ನನ್‌ನ ಸಮಾಧಿ ಇದೆ. ಬಂದರಿನಲ್ಲಿ ನೌಕರಿಯಲ್ಲಿದ್ದ ಈತ ತನ್ನ ಉಳಿತಾಯವನ್ನು ಶಾಲೆಗೆಂದು ಬಿಟ್ಟು 1859ರಲ್ಲಿ ತೀರಿಕೊಂಡ. ಇಂದಿನ ಬ್ರೆನ್ನನ್ ಕಾಲೇಜು ಆ ಹಣದಿಂದ ಹುಟ್ಟಿದ ಶಾಲೆಯಿಂದ ಬೆಳೆದದ್ದು. ಅಲ್ಲಿಂದ ಕಡಲಪಾಲಕ್ಕೆ, ಅಂದರೆ ಸರಕು ಏರಿಸಿ ಇಳಿಸಲು ಕಡಲಿನೊಳಕ್ಕೆ ಚಾಚಿ ಕಟ್ಟಿದ ಹಳೆಯ ಸೇತುವೆಯ ಕಡೆಗೆ, ನಡೆದು ಹೋಗಬಹುದು. ಕಂಬಗಳು ತುಕ್ಕು ಹಿಡಿದು ಶಿಥಿಲವಾಗಿವೆ, ದಂಡೆಯಿಂದಲೇ ನೋಡಿ ಹಿಂದಿರುಗಿ.

ಹಂತ 6: ಕೇಯಿ ಮನೆತನದ ಬೀದಿಗಳು

ಇಲ್ಲಿ ಅವಸರ ಬೇಡ. ಕೇಯಿಗಳು ತಲಶ್ಶೇರಿಯ ಮಾಪಿಳ್ಳೆ (ಮಲಬಾರಿನ ಮುಸ್ಲಿಂ) ವರ್ತಕ ಮನೆತನ. ಕಂಪನಿಯ ಕಾಲದಲ್ಲಿ ಕಾಳುಮೆಣಸು, ಏಲಕ್ಕಿಯಂಥ ಮಲೆನಾಡಿನ ಸರಕುಗಳ ವ್ಯಾಪಾರದಿಂದ ಬೆಳೆದವರು. ನಮ್ಮ ತೋಟಗಾರರಿಗೆ ಈ ಊರಿನ ಹೆಸರು ಪರಿಚಿತವಾಗಿರುವುದೂ ಅದೇ ಕಾರಣಕ್ಕೆ. ದಪ್ಪ ಕಾಳಿನ ಮೆಣಸಿಗೆ ವ್ಯಾಪಾರಿಗಳು ಇಂದಿಗೂ ಬಳಸುವ ಟಿ.ಜಿ.ಎಸ್.ಇ.ಬಿ. ಎಂಬ ದರ್ಜೆಯ ಮೊದಲ ಅಕ್ಷರ ತಲಚೇರಿಯದು.

ಈ ಮನೆತನದ ಮೂಸ ಕೇಯಿ ಸುಮಾರು ಎರಡು ಶತಮಾನಗಳ ಹಿಂದೆ ಕಟ್ಟಿಸಿದ ಓಡತ್ತಿಲ್ ಪಳ್ಳಿಯಿಂದ ನಡಿಗೆ ಆರಂಭಿಸಿ. ಪಳ್ಳಿ ಎಂದರೆ ಮಲಯಾಳದಲ್ಲಿ ಮಸೀದಿ. ಮಿನಾರು, ಗುಮ್ಮಟಗಳನ್ನು ನಿರೀಕ್ಷಿಸಿ ಬಂದವರು ಇದನ್ನು ಗುರುತಿಸದೆ ಮುಂದೆ ಹೋಗಿಬಿಡುತ್ತಾರೆ, ಏಕೆಂದರೆ ಇದು ತಾಮ್ರದ ತಗಡು ಹೊದಿಸಿದ ಇಳಿಜಾರು ಮಾಡು, ಕಲಶ, ಮರದ ಕೆತ್ತನೆಗಳಿರುವ, ದೂರದಿಂದ ಕೇರಳದ ದೇವಾಲಯದಂತೆಯೇ ಕಾಣುವ ಕಟ್ಟಡ. ಇದು ಪ್ರಾರ್ಥನೆ ನಡೆಯುತ್ತಿರುವ ಜಾಗ, ಪ್ರದರ್ಶನಕ್ಕಿಟ್ಟ ಜಾಗವಲ್ಲ. ಹೊರಗಿನಿಂದ ನೋಡಿ, ಒಳಗೆ ಬರಬಹುದೆಂದು ಅಲ್ಲಿನವರೇ ಹೇಳಿದರೆ ಮಾತ್ರ ಅವರು ತೋರಿಸಿದಷ್ಟು ದೂರ ಹೋಗಿ.

ಸುತ್ತಲಿನ ಬೀದಿಗಳಲ್ಲಿ ತರವಾಡುಗಳಿವೆ. ತರವಾಡು ಎಂದರೆ ಮೂಲಮನೆ, ಆ ಮನೆಗೆ ಸೇರಿದ ಕುಟುಂಬವೂ ಹೌದು. ನಾವು ಒಕ್ಕ (ಒಂದೇ ಮೂಲದ ಕುಟುಂಬ), ಐನ್‌ಮನೆ ಎಂದು ಎರಡು ಮಾತುಗಳಲ್ಲಿ ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಾರೆ. ನಾಲುಕೆಟ್ಟು ಎಂದರೆ ನಡುವೆ ತೆರೆದ ಅಂಗಳ ಬಿಟ್ಟು ಅದರ ನಾಲ್ಕೂ ಕಡೆ ಕಟ್ಟಿದ ಮನೆ. ನಮ್ಮ ದೊಡ್ಡ ಐನ್‌ಮನೆಗಳ ಒಳಂಗಳ ನೋಡಿದವರಿಗೆ ವಿವರಣೆ ಬೇಕಾಗದು. ಜಗಲಿ, ದಪ್ಪ ಬಾಗಿಲುವಾಡ, ಇಳಿಜಾರು ಮಾಡು ಎಲ್ಲವೂ ಬಂಧುಗಳ ಮುಖದಂತೆ ಪರಿಚಿತವಾಗಿಯೇ ಕಾಣುತ್ತವೆ. ಆದರೆ ಒಳಗಿನ ಲೆಕ್ಕ ತಲೆಕೆಳಗು. ನಮ್ಮಲ್ಲಿ ಒಕ್ಕ ಗಂಡುಮಕ್ಕಳ ಮೂಲಕ ಮುಂದುವರಿಯುತ್ತದೆ, ಮದುವೆಯಾದ ಹೆಣ್ಣುಮಗಳು ಇನ್ನೊಂದು ಒಕ್ಕಕ್ಕೆ ಸೇರುತ್ತಾಳೆ. ಉತ್ತರ ಮಲಬಾರಿನ ಈ ಮಾಪಿಳ್ಳೆ ಮನೆಗಳಲ್ಲಿ ನಡೆದುಬಂದದ್ದು ಮರುಮಕ್ಕತ್ತಾಯ, ದಕ್ಷಿಣ ಕನ್ನಡದಲ್ಲಿ ಅಳಿಯಸಂತಾನ ಎನ್ನುವಂಥ ಪದ್ಧತಿ: ಮನೆ ಹೆಣ್ಣುಮಕ್ಕಳದು, ಮದುವೆಯಾದ ಮೇಲೂ ಮಗಳು ತವರಿನಲ್ಲೇ ಉಳಿಯುತ್ತಾಳೆ, ಬರುವವನು ಗಂಡ. ಹೊಸ ದಂಪತಿಗೆಂದು ಸಿಂಗರಿಸಿ ಕೊಡುವ ಕೋಣೆಗೆ ಅರ ಎಂದು ಹೆಸರು. ಹೆಣ್ಣುಮಕ್ಕಳು ಹೆಚ್ಚಿದಂತೆ ಕೋಣೆಗಳೂ ಹೆಚ್ಚಬೇಕಾದ್ದರಿಂದ ಈ ಮನೆಗಳು ಉದ್ದಕ್ಕೂ ಅಗಲಕ್ಕೂ ಏಕೆ ಬೆಳೆದವು ಎಂಬುದು ಹೊರಗೆ ನಿಂತವರಿಗೂ ಹೊಳೆಯುತ್ತದೆ. ಹೊಸ ಅಳಿಯನಿಗೆ ಇಲ್ಲಿ ಪುದಿಯಾಪ್ಳ ಎನ್ನುತ್ತಾರೆ; ಅವನ ಸತ್ಕಾರಕ್ಕೆ ಮಾಡುವ ತಿಂಡಿಗಳ ಪಟ್ಟಿ ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ಊಟವನ್ನು ನಾಚಿಸುವಷ್ಟು ಉದ್ದ.

ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ ಕೆಲವು ಮಾತುಗಳಿವೆ. ಇವು ಜನ ವಾಸವಿರುವ ಖಾಸಗಿ ಮನೆಗಳು, ಹೊರಬಾಗಿಲು ತೆರೆದಿದ್ದರೂ ಅದು ಆಹ್ವಾನವಲ್ಲ. ನಮ್ಮ ಐನ್‌ಮನೆಯ ಕೈಯಾಲೆಗೆ ಗುರುತಿಲ್ಲದವರು ಬಂದು ಐಮರದ ಮೇಲೆ ಕುಳಿತು ಫೋಟೋ ತೆಗೆಸಿಕೊಂಡರೆ ಹೇಗನಿಸುತ್ತದೆಯೋ ಅವರಿಗೂ ಹಾಗೆಯೇ. (ಐಮರ ಎಂದರೆ ಜಗಲಿಯ ಕಂಬಗಳ ನಡುವೆ ಕೂರಲು ಹಾಕಿದ ಅಗಲವಾದ ಒಂಟಿ ಹಲಗೆ, ಕೊಡಗಿನ ಹೊರಗಿನ ಓದುಗರಿಗಾಗಿ ಹೇಳಿದೆ.) ಹೆಂಗಸರು ಕಾಣುವ ಕಡೆ ಕ್ಯಾಮೆರಾ ಎತ್ತಬೇಡಿ. ಬೀದಿಯಲ್ಲಿ ಹಿರಿಯರು ಎದುರಾದರೆ ಸಲಾಂ ಹೇಳಿ, ಗಂಡಸರನ್ನು ‘ಇಕ್ಕಾ’ ಎಂದು ಕರೆದು, ‘ಫೋಟೋ ಎಡುತ್ತೋಟ್ಟೆ?’ ಎಂದು ಕೇಳಿ. ತೆಗೆಯಲೇ ಎಂದು ಅದರ ಅರ್ಥ. ವಿರಾಜಪೇಟೆಯಿಂದ ಬಂದವರೆಂದು ತಿಳಿದರೆ ಮಾತು ಸಲೀಸಾಗುತ್ತದೆ, ಏಕೆಂದರೆ ಕೊಡಗಿನಲ್ಲಿ ಅಂಗಡಿಯನ್ನೋ ನೆಂಟರನ್ನೋ ಹೊಂದಿದವರು ಇಲ್ಲಿ ಬಹಳ ಮಂದಿ. ಒಮ್ಮೆ ಹೀಗೆ ಬೀದಿಯಲ್ಲಿ ನಿಂತು ಆಡಿದ ಮಾತು ಚಹಾದವರೆಗೆ ಬೆಳೆದು ನನ್ನ ವೇಳಾಪಟ್ಟಿಯ ಒಂದು ಗಂಟೆ ಹೋಯಿತು. ಆ ಗಂಟೆಯ ಬಗ್ಗೆ ನನಗೆ ಬೇಸರವಿಲ್ಲ, ಆದರೆ ಅಂದು ಕಣ್ಣೂರಿನ ಕೋಟೆ ತಪ್ಪಿತು.

ಹಂತ 7: ಇಲ್ಲಿಕ್ಕುನ್ನಿನ ಗುಂಡರ್ಟ್ ಬಂಗಲೆ

ಪೇಟೆಯಿಂದ ಕಣ್ಣೂರಿನ ದಿಕ್ಕಿಗೆ ಕೆಲವೇ ಕಿ.ಮೀ. ದೂರದಲ್ಲಿ ನೆಟ್ಟೂರಿನ ಇಲ್ಲಿಕ್ಕುನ್ನು ಎಂಬ ಗುಡ್ಡವಿದೆ. ಅದರ ಮೇಲಿನ ಬಂಗಲೆಯಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪ್ರಚಾರ ಸಂಸ್ಥೆಯ ಹೆರ್ಮನ್ ಗುಂಡರ್ಟ್ 1839ರಿಂದ ಎರಡು ದಶಕಗಳ ಕಾಲ ವಾಸವಿದ್ದರು. 1872ರಲ್ಲಿ ಹೊರಬಂದ ಮಲಯಾಳ–ಇಂಗ್ಲಿಷ್ ನಿಘಂಟು ಅವರದು. ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ 1847ರಲ್ಲಿ ಹೊರಟದ್ದು ಈ ಗುಡ್ಡದಿಂದ. ಕನ್ನಡಿಗರು ಇಲ್ಲಿ ನಿಂತು ನೆನೆಯಬೇಕಾದ ಇನ್ನೊಂದು ಹೆಸರು ಹೆರ್ಮನ್ ಮೋಗ್ಲಿಂಗ್. ಗುಂಡರ್ಟರ ಸ್ನೇಹಿತರಾಗಿದ್ದ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ಹತ್ತು ವರ್ಷಗಳ ಬಳಿಕ ಕೊಡಗಿಗೇ ಬಂದು ನೆಲೆಸಿ ಆನಂದಪುರ ಎಂಬ ಕ್ರೈಸ್ತರ ಊರನ್ನು ಸ್ಥಾಪಿಸಿದರು, 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕವನ್ನೂ ಬರೆದರು. ಎರಡು ಭಾಷೆಗಳ ಮೊದಲ ಪತ್ರಿಕೆಗಳು ಇಬ್ಬರು ಗೆಳೆಯರ ಕೈಯಿಂದ ನಾಲ್ಕು ವರ್ಷಗಳ ಅಂತರದಲ್ಲಿ ಬಂದವು.

ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಗುಂಡರ್ಟರ ಮಗಳ ಮಗ. ಆ ಮಗಳು ಹುಟ್ಟಿದ್ದೂ ತಲಶ್ಶೇರಿಯ ನೆಲದಲ್ಲೇ.

ಬಂಗಲೆ ಈಗ ದುರಸ್ತಿಗೊಂಡು ವಸ್ತುಸಂಗ್ರಹಾಲಯವಾಗಿದೆ. ಒಳಗಿನ ಪ್ರದರ್ಶನ ಫಲಕಗಳಿಗಿಂತ ಕಟ್ಟಡಕ್ಕೇ ಹೆಚ್ಚು ಹೊತ್ತು ಕೊಡಿ ಎನ್ನುತ್ತೇನೆ. ಸುತ್ತಲಿನ ಜಗಲಿ, ಎತ್ತರದ ಚಾವಣಿ, ಗಾಳಿ ಆಡಲೆಂದು ಎದುರುಬದಿರು ಇಟ್ಟ ಕಿಟಕಿಗಳು ಸೆಕೆಯ ಊರಿನಲ್ಲಿ ಯೂರೋಪಿನವರು ಬದುಕಲು ಕಲಿತ ಬಗೆಯನ್ನು ತೋರಿಸುತ್ತವೆ. ಹೊರಡುವ ಮುನ್ನ ತಲೆಯೆತ್ತಿ ಮಾಡನ್ನೂ ನೋಡಿ: ಇದೇ ಮಿಶನ್ನು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು, ಕೊಡಗಿನ ಹುಲ್ಲುಮಾಡಿನ ಮನೆಗಳಿಗೆ ಹೆಂಚು ಏರಿದ ಕಥೆಯ ಮೂಲ ಅಲ್ಲಿದೆ.

ಹಂತ 8: ಮಧ್ಯಾಹ್ನದ ಊಟ

12 ಗಂಟೆಗೇ ಊಟಕ್ಕೆ ಕುಳಿತುಬಿಡಿ. 1 ಗಂಟೆ ದಾಟಿದರೆ ಹೆಸರಾದ ಹೋಟೆಲುಗಳಲ್ಲಿ ಕಾಯಬೇಕು, ಕೆಲವೊಮ್ಮೆ ದಮ್ಮಿನ ಪಾತ್ರೆಯೇ ಖಾಲಿ. ತಲಶ್ಶೇರಿಯ ಬಿರಿಯಾನಿಗೆ ಉದ್ದನೆಯ ಬಾಸುಮತಿ ಅಲ್ಲ, ಕೈಮ ಅಥವಾ ಜೀರಕಶಾಲ ಎಂಬ ಸಣ್ಣ ಪರಿಮಳದ ಅಕ್ಕಿ. ಮಸಾಲೆಯನ್ನೂ ಅನ್ನವನ್ನೂ ಬೇರೆಬೇರೆ ಬೇಯಿಸಿ ಆಮೇಲೆ ಪದರಪದರವಾಗಿ ಹಾಕಿ ದಮ್ಮು ಕಟ್ಟುತ್ತಾರೆ. ಖಾರ ಕಡಿಮೆ. ಕಾಚಂಪುಳಿಯ ಹುಳಿಗೂ ಮೆಣಸಿನ ಘಾಟಿಗೂ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಅನಿಸಿದರೆ ತಟ್ಟನೆ ತೀರ್ಪು ಕೊಡಬೇಡಿ. ಜೊತೆಗೆ ಅರಿಕ್ಕಡುಕ್ಕ (ಅಕ್ಕಿ ಹಿಟ್ಟು ತುಂಬಿ ಬೇಯಿಸಿ ಕರಿದ ಕಲ್ಲುಮಕ್ಕಾಯಿ, ಅಂದರೆ ಕಡಲ ಬಂಡೆಗೆ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿ) ಮತ್ತು ಸಿಹಿಗೆ ಉನ್ನಕ್ಕಾಯ (ನೇಂದ್ರ ಬಾಳೆಯ ಹಿಟ್ಟಿನೊಳಗೆ ತೆಂಗಿನಕಾಯಿ ಸಕ್ಕರೆ ತುಂಬಿ ಕರಿದದ್ದು) ಕೇಳಿ ನೋಡಿ. ಚಿಪ್ಪಿನ ಆಹಾರ ಮೊದಲ ಬಾರಿ ತಿನ್ನುವವರು ಒಂದೆರಡಕ್ಕೆ ನಿಲ್ಲಿಸುವುದು ಜಾಣತನ, ಏಕೆಂದರೆ ಅದು ಕೆಲವರ ಮೈಗೆ ಒಗ್ಗುವುದಿಲ್ಲ, ಮುಂದೆ ಘಾಟಿ ಹತ್ತುವುದಿದೆ.

ಮನೆಗೆ ಒಯ್ಯಲು ಏನಾದರೂ ಬೇಕಿದ್ದರೆ ಬೇಕರಿಗೆ ಹೋಗಿ. 1883ರಲ್ಲಿ ಅಂಜರಕಂಡಿಯ ತೋಟದ ಒಡೆಯ ಮರ್ಡಾಕ್ ಬ್ರೌನ್ ಎಂಬವನಿಗಾಗಿ ಮಂಬಳ್ಳಿ ಬಾಪು ಮಾಡಿಕೊಟ್ಟದ್ದೇ ಭಾರತದ ಮೊದಲ ಕ್ರಿಸ್‌ಮಸ್ ಕೇಕು ಎಂದು ಈ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪ್ಲಮ್ ಕೇಕು ನಾಲ್ಕು ದಿನ ಕೆಡುವುದಿಲ್ಲ. ಮೀನು ಮಾತ್ರ ಮಂಜುಗಡ್ಡೆಯ ಪೆಟ್ಟಿಗೆ ಇಲ್ಲದೆ ಕೊಳ್ಳಬೇಡಿ.

ಹಂತ 9: ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಅರ್ಧ ಗಂಟೆ

ತಲಶ್ಶೇರಿ ಮತ್ತು ಕಣ್ಣೂರಿನ ನಡುವೆ ಇರುವ, ಸುಮಾರು 4 ಕಿ.ಮೀ. ಉದ್ದಕ್ಕೂ ಗಟ್ಟಿ ಮರಳಿನ ಮೇಲೆ ವಾಹನ ಓಡಿಸಬಹುದಾದ ತೀರವಿದು. 2024ರ ಮಾರ್ಚ್‌ನಲ್ಲಿ ತೆರೆದ ಮುಳಪ್ಪಿಲಂಗಾಡ್–ಮಾಹೆ ಬೈಪಾಸಿಗೆ ಏರಬೇಡಿ. ಹಳೆಯ ರಸ್ತೆಯಲ್ಲೇ ಬನ್ನಿ. ನಕ್ಷೆಯ ಆ್ಯಪು ವೇಗದ ದಾರಿಯೆಂದು ಬೈಪಾಸನ್ನೇ ತೋರಿಸುತ್ತದೆ.

ಮರಳಿನ ಮೇಲೆ ಓಡಿಸುವುದು ಉಬ್ಬರವಿಳಿತವನ್ನು ಅವಲಂಬಿಸಿದೆ. ಉಬ್ಬರ ಎಂದರೆ ನೀರು ದಂಡೆಯತ್ತ ಏರುವುದು, ಇಳಿತ ಎಂದರೆ ಹಿಂದೆ ಸರಿಯುವುದು; ದಿನಕ್ಕೆ ಎರಡೆರಡು ಬಾರಿ ಆಗುವ ಇದು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಕಳೆದ ವಾರ ಹೋದವರ ಸಮಯ ನಿಮಗೆ ಹೊಂದುವುದಿಲ್ಲ. ಉಬ್ಬರವಿದ್ದರೆ ಗಾಡಿಯನ್ನು ಮೇಲೆ ಬಿಟ್ಟು ನಡೆಯಿರಿ. ಒಣಗಿ ಸಡಿಲವಾದ ಬಿಳಿ ಮರಳಿಗೆ ಚಕ್ರ ಇಳಿಸಿದರೆ ಹೂತುಹೋಗುವುದು ಖಚಿತ. ಒದ್ದೆಯಾಗಿ ಗಟ್ಟಿಯಾದ ಪಟ್ಟಿಯ ಮೇಲೆ ಮಾತ್ರ ಓಡಿಸಿ. ಮನೆಗೆ ಬಂದ ಮರುದಿನ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸದಿದ್ದರೆ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಎದುರಿಗೆ ಕಾಣುವ ಧರ್ಮಡಂ ದ್ವೀಪಕ್ಕೆ ಇಳಿತದ ಹೊತ್ತಿನಲ್ಲಿ ನಡೆದು ಹೋಗುವವರಿದ್ದಾರೆ. ನೀರು ಏರಿದರೆ ಹಿಂದಿರುಗಲು ದಾರಿಯಿಲ್ಲ, ಒಂದು ದಿನದ ಪ್ರವಾಸಿಗರಿಗೆ ಅದು ಬೇಡ. ಹೊಳೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲಿನ ಹಿಂದೆಳೆತದ ಅಂದಾಜು ಇರುವುದಿಲ್ಲವಾದ್ದರಿಂದ ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ.

ಹಂತ 10: ಅರಕ್ಕಲ್ ಕೆಟ್ಟು

ಕಣ್ಣೂರು ತಲುಪಿದವರು ಸಾಮಾನ್ಯವಾಗಿ ರೈಲು ನಿಲ್ದಾಣದ ಸುತ್ತಲಿನ ಹೊಸ ಪೇಟೆಯಲ್ಲಿ ಸುತ್ತುತ್ತಾರೆ. ನಿಮಗೆ ಬೇಕಾದದ್ದು ಆಯಿಕ್ಕರದ ಬದಿಯ ಹಳೆಯ ಪೇಟೆ; ಸ್ಥಳೀಯರು ‘ಕಣ್ಣೂರು ಸಿಟಿ’ ಎಂದರೆ ಅದೇ ಹಳೆಯ ಪೇಟೆ, ಹೊಸ ನಗರವಲ್ಲ. ದಾರಿ ಕೇಳುವಾಗ ‘ಅರಕ್ಕಲ್ ಕೆಟ್ಟು’ ಎಂದೇ ಕೇಳಿ. ಕೆಟ್ಟು ಎಂದರೆ ಕಟ್ಟು, ಕಟ್ಟಡಗಳ ಸಮೂಹ.

ಅರಕ್ಕಲ್ ಕೇರಳದ ಏಕೈಕ ಮುಸ್ಲಿಂ ರಾಜವಂಶ. ಲಕ್ಷದ್ವೀಪ ಬಹುಕಾಲ ಇವರ ಅಧೀನದಲ್ಲಿತ್ತು, ಅಲ್ಲಿನ ತೆಂಗಿನ ನಾರಿನ ವ್ಯಾಪಾರ ಇವರ ಹಿಡಿತದಲ್ಲಿತ್ತು. ಇಲ್ಲಿಯೂ ಮರುಮಕ್ಕತ್ತಾಯವೇ. ಮನೆತನದ ಅತಿ ಹಿರಿಯರು ಗಂಡಾಗಲಿ ಹೆಣ್ಣಾಗಲಿ ಪಟ್ಟಕ್ಕೆ ಬರುತ್ತಿದ್ದರು. ಗಂಡಾದರೆ ಅಲಿ ರಾಜ, ಹೆಣ್ಣಾದರೆ ಅರಕ್ಕಲ್ ಬೀವಿ. ಅಬರ್‌ಕ್ರಾಂಬಿ 1790ರಲ್ಲಿ ಕಣ್ಣೂರನ್ನು ಮುತ್ತಿದಾಗ ಪಟ್ಟದಲ್ಲಿದ್ದವಳು ಬೀವಿ.

ಅರಮನೆಯೆಂದ ಕೂಡಲೇ ಮೈಸೂರನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆ ಖಂಡಿತ. ಇದು ದೊಡ್ಡ ವರ್ತಕ ಮನೆತನದ ಮನೆಯೇ ರಾಜ್ಯವಾಗಿ ಬೆಳೆದಂತಿರುವ ಕಟ್ಟಡ. ಜಂಬಿಟ್ಟಿಗೆಯ ಗೋಡೆ, ಹೆಂಚಿನ ಮಾಡು, ಮೇಲಂತಸ್ತಿಗೆ ಮರದ ನೆಲ, ಬೆಳಕಿಗೆ ಬಣ್ಣ ಹಚ್ಚುವ ಕೆಂಪು ನೀಲಿ ಗಾಜಿನ ಕಿಟಕಿಗಳು. ದರ್ಬಾರು ಸಭಾಂಗಣದ ಭಾಗವನ್ನು 2005ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಉಳಿದ ಭಾಗ ಮನೆತನದವರದೇ, ಅಲ್ಲಿಗೆ ಪ್ರವೇಶವಿಲ್ಲ. ಒಳಗೆ ಕತ್ತಿಗಳು, ಮುದ್ರೆಗಳು, ಹಳೆಯ ಪತ್ರಗಳು, ಕಡಲು ನೋಡಲು ಬಳಸುತ್ತಿದ್ದ ದುರ್ಬೀನು, ಪೀಠೋಪಕರಣಗಳಿವೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಪತ್ರಗಳ ಮುಂದೆ. ಒಂದು ಮನೆ ಕಡಲಾಚೆಯ ದ್ವೀಪಗಳನ್ನು ಆಳಿದ್ದು ಕತ್ತಿಗಿಂತ ಹೆಚ್ಚಾಗಿ ಲೆಕ್ಕಪತ್ರದಿಂದ ಎಂಬುದು ಅಲ್ಲಿ ಕಾಣುತ್ತದೆ. ಒಳಗಿನ ಫೋಟೋಗೆ ಅನುಮತಿ ಇದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ.

ಸಮಯ 3 ಗಂಟೆಗಿಂತ ಹೆಚ್ಚಾಗಿರದಿದ್ದರೆ, ಮಾಪಿಳ್ಳ ಬೇ ಎಂಬ ಮೀನುಗಾರಿಕಾ ಬಂದರಿನ ಆಚೆಗಿರುವ ಸಂತ ಆಂಜೆಲೊ ಕೋಟೆಗೂ ಹೋಗಿ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಕಟ್ಟಿಸಿ, 1663ರಲ್ಲಿ ಡಚ್ಚರ ಕೈಗೆ ಹೋಗಿ, ಮುಂದೆ ಅವರಿಂದ ಅರಕ್ಕಲ್‌ನವರು ಕೊಂಡ ಕೋಟೆಯಿದು. ಮನೆಯನ್ನು ಮೊದಲು ನೋಡಿ ಬಂದರೆ ಆ ಖರೀದಿಯ ಅರ್ಥ ತಿಳಿಯುತ್ತದೆ: ಕೋಟೆಯ ಗೋಡೆಯ ಮೇಲೆ ನಿಂತರೆ ಬಂದರೂ ಅದರಾಚೆಗೆ ಅರಕ್ಕಲ್‌ನ ಪೇಟೆಯೂ ಒಂದೇ ನೋಟಕ್ಕೆ ಸಿಗುತ್ತವೆ.

ಹಂತ 11: ಮರಳುವುದು

ಸಂಜೆ 4ಕ್ಕೆ, ಹೆಚ್ಚೆಂದರೆ 4.15ಕ್ಕೆ ಕಣ್ಣೂರು ಬಿಡಿ. ‘ಸೂರ್ಯಾಸ್ತ ನೋಡಿ ಹೊರಡೋಣ’ ಎಂದು ಗಾಡಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಿದರೆ ಮಾಕುಟ್ಟದ ಕಾಡು ಕಗ್ಗತ್ತಲಿನಲ್ಲಿ, ಎದುರಿನಿಂದ ಬರುವ ಲಾರಿಗಳ ದೀಪದ ನಡುವೆ ಏರಬೇಕಾಗುತ್ತದೆ. ಚಾಲೋಡ್, ಮಟ್ಟನ್ನೂರು, ಇರಿಟ್ಟಿಯ ದಾರಿಯಲ್ಲಿ ಬಂದರೆ ಬೆಳಕಿರುವಾಗಲೇ ಕೂಟುಪುಳ ಸಿಗುತ್ತದೆ, 7 ಗಂಟೆಯ ಸುಮಾರಿಗೆ ವಿರಾಜಪೇಟೆ.

ತಲಶ್ಶೇರಿಯ ದಕ್ಷಿಣಕ್ಕೆ ಇರುವ ಮಾಹೆ ಪುದುಚೇರಿ ಆಡಳಿತಕ್ಕೆ ಸೇರಿದ್ದು, ಅಲ್ಲಿ ಮದ್ಯ ಅಗ್ಗ. ಅಲ್ಲಿಂದ ಬಾಟಲಿಗಳನ್ನು ತರುವುದೆಂದರೆ ಎರಡು ರಾಜ್ಯಗಳ ಅಬಕಾರಿ ತಪಾಸಣೆಯನ್ನು ದಾಟುವುದು; ಸಿಕ್ಕಿಬಿದ್ದರೆ ವಾಹನವೂ ಹೋಗುತ್ತದೆ. ಬೇರೆಯವರ ಪೊಟ್ಟಣವನ್ನು ತಂದುಕೊಡಲು ಒಪ್ಪಿಕೊಳ್ಳಬೇಡಿ.

ಬಸ್ಸಿನಲ್ಲಿ ಹೋಗುವವರಿಗೆ

ವಿರಾಜಪೇಟೆಯಿಂದ ತಲಶ್ಶೇರಿಗೂ ಕಣ್ಣೂರಿಗೂ ಬಸ್ಸುಗಳಿವೆ, ಆದರೆ ಬಸ್ಸನ್ನೇ ನೆಚ್ಚಿಕೊಂಡು ಎರಡೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ತಲಶ್ಶೇರಿಯೊಂದನ್ನೇ ಆರಿಸಿಕೊಂಡು 5ರಿಂದ 8ರವರೆಗಿನ ಹಂತಗಳನ್ನು ಮಾಡಿ. ಇಲ್ಲಿಕ್ಕುನ್ನಿಗೆ ಆಟೋ ಸಿಗುತ್ತದೆ, ಉಳಿದದ್ದೆಲ್ಲ ನಡಿಗೆಯ ದೂರ. ಬೆಳಗ್ಗೆ ಬಸ್ಸಿನಿಂದ ಇಳಿದ ಕೂಡಲೇ ನಿಲ್ದಾಣದಲ್ಲಿ ವಿರಾಜಪೇಟೆಗೆ ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿ, ಅದರ ಹಿಂದಿನ ಬಸ್ಸಿಗೆ ಬರುವಂತೆ ದಿನವನ್ನು ಹೊಂದಿಸಿಕೊಳ್ಳಿ. ಕೊನೆಯ ಬಸ್ಸು ತಪ್ಪಿ ಇರಿಟ್ಟಿಯವರೆಗೆ ಬಂದು ನಿಂತವರಿಗೆ ಅಲ್ಲಿಂದ ಘಾಟಿ ಹತ್ತಲು ಉಳಿಯುವುದು ಬಾಡಿಗೆ ಜೀಪು ಮಾತ್ರ, ಅದರ ದರವನ್ನು ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.